ಪೆಟ್ಟಿಗೆಯೊಳಗಿನ ಹಂಸಪಾದ

ಶಾಲೆಯಲ್ಲಿ ಶುದ್ಧಬರಹ ಬರೆದವರಿಗೆಲ್ಲ ಹಂಸಪಾದದ ಪರಿಚಯವಿರುತ್ತದೆ. ಬರೆಯುವ ಭರದಲ್ಲಿ ಒಂದು ಅಕ್ಷರವೋ ಶಬ್ದವೋ ಬಿಟ್ಟುಹೋದರೆ, ಆ ಸ್ಥಳದಲ್ಲಿ ಹಂಸದ ಹೆಜ್ಜೆಯಂಥ ಒಂದು ಗುರುತು ಹಾಕಿ, ಬಿಟ್ಟದ್ದನ್ನು ಸಾಲಿನ ಮೇಲೆ ಬರೆಯುತ್ತೇವೆ. ಇದು ನಮ್ಮ ಶಾಲೆಗಳು ಕಂಡುಹಿಡಿದ ಉಪಾಯವಲ್ಲ. ಓಲೆಗರಿಯ ಮೇಲೆ ಕಂಟದಿಂದ ಬರೆದ ಲಿಪಿಕಾರರೂ ಹೀಗೆಯೇ ಮಾಡುತ್ತಿದ್ದರು. ಗರಿಯ ಮೇಲೆ ಒಮ್ಮೆ ಕೊರೆದದ್ದನ್ನು ಅಳಿಸುವಂತಿಲ್ಲ. ಒಂದು ಅಕ್ಷರಕ್ಕಾಗಿ ಇಡೀ ಗರಿಯನ್ನು ಎಸೆಯುವುದೂ ವಿವೇಕವಲ್ಲ. ಆದ್ದರಿಂದ ತಪ್ಪನ್ನು ಇದ್ದಲ್ಲಿಯೇ ಇರಗೊಟ್ಟು, ಅದರ ಪಕ್ಕದಲ್ಲಿ ತಿದ್ದುಪಡಿಯನ್ನು ನಿಲ್ಲಿಸುವ ಪದ್ಧತಿ ಬೆಳೆದುಬಂತು.

ಶಿರಸಿಯ ಸಮೀಪದ ಹುಲಗೋಳದಲ್ಲಿರುವ ನಮ್ಮ ಮನೆಯ ಅಟ್ಟದ ಮೇಲೆ ಯಕ್ಷಗಾನ ಪ್ರಸಂಗಗಳ ಎರಡು ಓಲೆಕಟ್ಟುಗಳಿವೆ. ಅವನ್ನು ಬರೆದವರು ಯಾರೆಂದು ಮನೆಯಲ್ಲಿ ಯಾರಿಗೂ ತಿಳಿಯದು. ಬರೆದವರ ಕೈ ಒಂದೇ ಸಮನಾದ, ದುಂಡಗಿನ ಕೈ. ಯಾರ ಕೈಯೂ ಆಗಿರಬಹುದಾದ ಕೈ. ಆದರೆ ಗರಿಗಳ ನಡುವೆ ಅಲ್ಲಲ್ಲಿ ಹಂಸಪಾದ ಕಂಡಾಗ ಮಾತ್ರ ಒಬ್ಬ ಮನುಷ್ಯ ಕಣ್ಣಿಗೆ ಕಟ್ಟುತ್ತಾನೆ. ಇಲ್ಲಿ ಅವನಿಗೆ ದಣಿವಾಗಿತ್ತು. ಇಲ್ಲಿ ದೀಪ ಮಂಕಾಗಿದ್ದೀತು. ಬರೆದಾದ ಮೇಲೆ ಮೂಲಪ್ರತಿಯನ್ನು ಇನ್ನೊಮ್ಮೆ ಮುಂದಿಟ್ಟುಕೊಂಡು ಹೋಲಿಸಿ ನೋಡುವಷ್ಟು ಪ್ರಾಮಾಣಿಕತೆಯೂ ಅವನಲ್ಲಿತ್ತು. ಇಷ್ಟೆಲ್ಲವನ್ನೂ ಒಂದು ಗುರುತು ಹೇಳುತ್ತದೆ.

ಇಂದು ನಾನು ಹೇಳಹೊರಟಿರುವುದು ಓಲೆಗರಿಗಳ ವಿಷಯವಲ್ಲ. ಟೆಲಿವಿಷನ್ ಪರದೆಯ ಮೇಲೆ ಮಕ್ಕಳು ಆಡುತ್ತಿದ್ದ ವಿಡಿಯೋ ಗೇಮುಗಳ ಹಳೆಯ ಕಾರ್ಟ್ರಿಜ್‌ಗಳ ವಿಷಯ. ಕನ್ನಡ ಪಾಠ ಹೇಳಿಕೊಂಡು ಬದುಕಿದವನಿಗೆ ಇದರ ಗೊಡವೆ ಏಕೆ ಎಂದು ಕೆಲವರಿಗಾದರೂ ಅನ್ನಿಸಬಹುದು. ಆ ಪ್ಲಾಸ್ಟಿಕ್ ಪೆಟ್ಟಿಗೆಯೊಳಗಿನ ಬೋರ್ಡುಗಳ ಮೇಲೆಯೂ ಹಂಸಪಾದಗಳಿವೆ. ಅಂಥದೊಂದನ್ನು ಹಂಸಪಾದವೆಂದು ಗುರುತಿಸಲಾರದೆ ನಾನು ಕೈಯಾರೆ ಕಿತ್ತುಹಾಕಿದ್ದೇನೆ. ಈ ಭಾಷಣಕ್ಕೆ ಅದೇ ಕಾರಣ.

1990ರ ದಶಕದಲ್ಲಿ ನಮ್ಮ ಕಡೆಯ ಮನೆಗಳಿಗೆ ಟಿ.ವಿ.ಯ ಬೆನ್ನಿಗೇ ‘ಟಿ.ವಿ. ಗೇಮ್’ ಎಂಬ ಪೆಟ್ಟಿಗೆಯೂ ಬಂತು. ಪೇಟೆಯಲ್ಲಿ ‘ಸಮುರಾಯ್’, ‘ಮೀಡಿಯಾ’ ಮುಂತಾದ ಹೆಸರಿನವು ಸಿಗುತ್ತಿದ್ದವು. ಹೆಸರೇ ಇಲ್ಲದವು ಇನ್ನೂ ಅಗ್ಗಕ್ಕೆ ಸಿಗುತ್ತಿದ್ದವು. ಪೆಟ್ಟಿಗೆಯ ನೆತ್ತಿಯ ಮೇಲೊಂದು ಸೀಳು. ಆ ಸೀಳಿನಲ್ಲಿ ಅಂಗೈಯಗಲದ ಒಂದು ಹಳದಿ ಕಾರ್ಟ್ರಿಜ್ ಅನ್ನು ಒತ್ತಿ ಕೂರಿಸಿದರೆ ಆಟ ಆರಂಭವಾಗುತ್ತಿತ್ತು. ಮಕ್ಕಳು ಅದನ್ನು ಕ್ಯಾಸೆಟ್ ಎನ್ನುತ್ತಿದ್ದರು. ಒಳಗೆ ಟೇಪಾಗಲೀ ಸುತ್ತುವ ಚಕ್ರವಾಗಲೀ ಇಲ್ಲದಿದ್ದರೂ ಆ ಹೆಸರೇ ನಿಂತಿತು. 1996ರ ಮಾರಿಕಾಂಬಾ ಜಾತ್ರೆಯಲ್ಲಿ ನಾನೂ ಮಗನಿಗೆ ಅಂಥದೊಂದನ್ನು ಕೊಡಿಸಿದೆ. ಮೀಸೆಯ ಕೊಳಾಯಿಗಾರ ಮಾರಿಯೋ ಇಟ್ಟಿಗೆ ಒಡೆಯುತ್ತ, ಹೊಂಡ ಹಾರುತ್ತ ಎಡದಿಂದ ಬಲಕ್ಕೆ ಓಡುವ ಆಟ ಅದು. ಆಗ ಹತ್ತು ವರ್ಷದವನಾಗಿದ್ದ ಮಾಣಿ ಅಡಕೆ ಸುಲಿಯುವ ಸೀಸನ್ನಿನಲ್ಲಿ ಮನೆಯವರೆಲ್ಲ ರಾತ್ರಿ ಕೆಲಸಕ್ಕೆ ಕುಳಿತಾಗ ಅದರ ಮುಂದೆ ಕುಳಿತಿರುತ್ತಿದ್ದ.

1998ರ ಮಳೆಗಾಲದಲ್ಲಿ ಆಟ ಬರುವುದು ನಿಂತಿತು. ನಮ್ಮ ಕಡೆಯ ಮಳೆಗಾಲದಲ್ಲಿ ಹಿತ್ತಾಳೆ ಕರಟುವುದು, ತೊಗಲಿಗೆ ಬೂಷ್ಟು ಬರುವುದು ಹೊಸತೇನಲ್ಲ. ಕಾರ್ಟ್ರಿಜ್‌ನ ಅಂಚಿನ ಲೋಹದ ಪಟ್ಟಿಗಳೂ ಕಪ್ಪಾಗಿದ್ದವು. ಅವನ್ನು ಒರೆಸಿದ್ದರೆ ಸಾಕಾಗಿತ್ತು. ಆದರೆ ವಿದ್ಯಾರ್ಥಿದೆಸೆಯಲ್ಲಿ ಒಂದೆರಡು ಟ್ರಾನ್ಸಿಸ್ಟರ್ ರೇಡಿಯೋ ಜೋಡಿಸಿದ ಹೆಮ್ಮೆ ನನಗಿತ್ತು. ತಿರುಪು ಬಿಚ್ಚಿ ನೋಡಿದೆ. ಒಳಗೆ ಒಂದು ಸಣ್ಣ ಬೋರ್ಡು. ಅದರ ನಡುವೆ, ದೋಸೆಕಾವಲಿಯ ಮೇಲೆ ಬಿದ್ದ ಹಿಟ್ಟಿನಂತೆ, ಕಪ್ಪು ಅಂಟಿನ ಎರಡು ಗುಪ್ಪೆಗಳು. ಚಿಪ್ ಇರುವುದು ಆ ಅಂಟಿನ ಅಡಿಯಲ್ಲಿ. ಇಷ್ಟು ಸರಿಯೇ. ಆದರೆ ಬೋರ್ಡಿನ ಬೆನ್ನಿನ ಮೇಲೆ ಒಂದು ತಾಮ್ರದ ಗೆರೆ ತುಂಡಾಗಿತ್ತು. ಅಲ್ಲಿಂದ ಹೊರಟ ಹಸಿರು ತಂತಿಯೊಂದು ಬೇರೊಂದು ಗೆರೆಗೆ ಹೋಗಿ ಕೂಡಿಕೊಂಡಿತ್ತು. ಬೀದಿಯ ಯಾವನೋ ರಿಪೇರಿಯವನು ಕೈಯಾಡಿಸಿದ ಮಾಲನ್ನು ಹೊಸದೆಂದು ನನಗೆ ಮಾರಿದ್ದಾರೆ ಎಂದುಕೊಂಡೆ. ತಂತಿಯನ್ನು ಬಿಡಿಸಿ ಒಲೆಗೆ ಎಸೆದೆ. ತುಂಡಾದ ಗೆರೆಯನ್ನು ಬೆಸುಗೆ ಹಾಕಿ ಕೂಡಿಸಿದೆ. ಅಂಚನ್ನೂ ಚೆನ್ನಾಗಿ ಒರೆಸಿದೆ.

ಆಟ ಬಂತು. ಆದರೆ ಅದು ಮೊದಲಿನ ಆಟವಾಗಿರಲಿಲ್ಲ. ಮಾರಿಯೋ ನಾಲ್ಕು ಹೆಜ್ಜೆ ಓಡುತ್ತಲೇ ಮುಂದೆ ಬರಬೇಕಾದ ಗೋಡೆಗಳು ಈಗಲೇ ಬಂದು ಪರದೆಯ ಮೇಲೆ ಹೇರಿಕೊಂಡವು. ಕಣ್ಣಿಗೆ ನೆಲ ಕಂಡಲ್ಲಿ ಕಾಲಿಗೆ ನೆಲವಿಲ್ಲ. ಬಯಲು ಕಂಡಲ್ಲಿ ಹಣೆಗೆ ಗೋಡೆ ತಾಗುತ್ತದೆ. ಮಗ ಸ್ವಲ್ಪ ಹೊತ್ತು ನೋಡಿ, “ಅಪ್ಪಾ, ಮೊದಲು ಸರಿ ಇತ್ತು” ಎಂದಷ್ಟೇ ಹೇಳಿ ಎದ್ದುಹೋದ.

ಆ ವರ್ಷ ದೊಡ್ಡಹಬ್ಬಕ್ಕೆ ನನ್ನ ತಂಗಿ ಬೆಂಗಳೂರಿನಿಂದ ಬಂದಿದ್ದಳು. 1948ರಲ್ಲಿ ಐ.ಟಿ.ಐ., 1954ರಲ್ಲಿ ಬಿ.ಇ.ಎಲ್. ಸ್ಥಾಪನೆಯಾದ ಮೇಲೆ ಬೆಂಗಳೂರು ಇಂಥ ಕೆಲಸದ ಊರಾಯಿತು. ಮುಂದೆ ಅಲ್ಲಿ ಸಣ್ಣ ದೊಡ್ಡ ಕಾರ್ಖಾನೆಗಳು ಎಷ್ಟೋ ಹುಟ್ಟಿಕೊಂಡವು. ಅವುಗಳಲ್ಲೊಂದರಲ್ಲಿ ತಂಗಿ ಮದುವೆಗೆ ಮುಂಚೆ ಕೆಲವು ವರ್ಷ ಬೆಸುಗೆಯ ಕೆಲಸ ಮಾಡಿದ್ದಳು. ನನ್ನ ದುರಸ್ತಿಯ ಕತೆಯನ್ನು ತಮಾಷೆಯಾಗಿ ಹೇಳಿದರೆ ಆಕೆ ನಗಲಿಲ್ಲ. ಬೋರ್ಡನ್ನು ಬೆಳಕಿಗೆ ಹಿಡಿದು, ಗೆರೆ ತುಂಡಾಗಿದ್ದ ಸ್ಥಳವನ್ನು ಉಗುರಿನಿಂದ ಸವರಿ, “ತಪ್ಪಲ್ಲ ಅಣ್ಣಾ, ಇದು ತಿದ್ದಿದ್ದು” ಎಂದಳು.

ಆಕೆ ವಿವರಿಸಿದ್ದು ಹೀಗೆ. ಬೋರ್ಡುಗಳನ್ನು ಸಾವಿರಗಟ್ಟಲೆ ಅಚ್ಚು ಹಾಕಿಸಿದ ಮೇಲೆ ನಕ್ಷೆಯಲ್ಲೊಂದು ತಪ್ಪು ಕಾಣುವುದುಂಟು. ಅಷ್ಟನ್ನೂ ಎಸೆದರೆ ನಷ್ಟ. ಆಗ ಇಂಜಿನಿಯರರಿಂದ ಒಂದು ಕಾಗದ ಬರುತ್ತದೆ: ಇಂಥ ಗೆರೆಯನ್ನು ಕತ್ತರಿಸಿ, ಇಲ್ಲಿಂದ ಅಲ್ಲಿಗೆ ಒಂದು ತಂತಿ ಹಾಕಿ. ಸಾಲಾಗಿ ಕುಳಿತ ಹೆಣ್ಣುಮಕ್ಕಳು ಪ್ರತಿಯೊಂದು ಬೋರ್ಡಿಗೂ ಅದನ್ನು ಕೈಯಿಂದ ಮಾಡುತ್ತಾರೆ. ಕಾರ್ಖಾನೆಯ ತಿದ್ದುಪಡಿಗೂ ಬೀದಿಯ ರಿಪೇರಿಗೂ ಇರುವ ವ್ಯತ್ಯಾಸ ತಿಳಿದವರಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಕಾರ್ಖಾನೆಯಲ್ಲಿ ಗೆರೆಯನ್ನು ಹರಿತವಾದ ಅಲಗಿನಿಂದ ಅಡ್ಡಲಾಗಿ, ಬೇಕಾದಷ್ಟೇ ಅಗಲಕ್ಕೆ ಕತ್ತರಿಸಿರುತ್ತಾರೆ, ಕೆರೆದಿರುವುದಿಲ್ಲ. ತಂತಿ ಸಣ್ಣದು, ಬೆಸುಗೆಯ ಕಾವಿಗೆ ಅದರ ಹೊದಿಕೆ ಕರಗಿರುವುದಿಲ್ಲ. ಅದು ಎತ್ತರಕ್ಕೆ ಬಳುಕದೆ ಬೋರ್ಡಿಗೆ ಒರಗಿ, ಮೂಲೆಗಳಲ್ಲಿ ಅಂಟಿನ ಒಂದೊಂದು ಹನಿಯಿಂದ ನಿಂತಿರುತ್ತದೆ. ಇದೆಲ್ಲಕ್ಕಿಂತ ದೊಡ್ಡ ಸಾಕ್ಷಿ ಇನ್ನೊಂದಿದೆ: ಅದೇ ಜಾತಿಯ ಇನ್ನೊಂದು ಬೋರ್ಡನ್ನು ಬಿಚ್ಚಿದರೆ ಅದೇ ತಂತಿ ಅದೇ ಸ್ಥಳದಲ್ಲಿ ಸಿಗುತ್ತದೆ.

ಈ ಕೊನೆಯ ಮಾತು ನನ್ನನ್ನು ಚುಚ್ಚಿತು. ಒಂದು ಪ್ರತಿಯನ್ನಷ್ಟೇ ನೋಡಿ ಪಾಠವನ್ನು ತಿದ್ದಬಾರದು, ಇನ್ನೊಂದು ಪ್ರತಿಯನ್ನು ಹುಡುಕಬೇಕು ಎಂದು ಹಳಗನ್ನಡ ಕಾವ್ಯದ ಪಾಠ ಮಾಡುವಾಗ ನಾನೇ ಎಷ್ಟು ಬಾರಿ ಹೇಳಿರಲಿಲ್ಲ! ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ ನನ್ನ ಮೇಜಿನ ಮೇಲೆಯೇ ಇತ್ತು. ಎರಡು ಪಾಠಗಳಲ್ಲಿ ಒಂದು ಸುಲಭವಾಗಿಯೂ ಇನ್ನೊಂದು ಕ್ಲಿಷ್ಟವಾಗಿಯೂ ಇದ್ದರೆ, ಕ್ಲಿಷ್ಟವಾದದ್ದೇ ಮೂಲಕ್ಕೆ ಹತ್ತಿರವಿರುವ ಸಂಭವ ಹೆಚ್ಚು ಎಂಬುದು ಈ ಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಲಿಪಿಕಾರನು ಅರ್ಥವಾಗದ್ದನ್ನು ಅರ್ಥವಾಗುವಂತೆ ‘ಸರಿಪಡಿಸುತ್ತಾನೆ’. ಅರ್ಥವಾಗುವುದನ್ನು ಬೇಕೆಂದೇ ಕೆಡಿಸುವವರು ಕಡಮೆ. ಅಚ್ಚುಕಟ್ಟಾದ ತಾಮ್ರದ ಗೆರೆ ಸುಲಭ ಪಾಠ. ಅಡ್ಡಾದಿಡ್ಡಿ ಹೋದ ಹಸಿರು ತಂತಿ ಕ್ಲಿಷ್ಟ ಪಾಠ. ನಾನು ಸುಲಭವಾದದ್ದನ್ನು ಎತ್ತಿಹಿಡಿದು ಕಾವ್ಯವನ್ನು ಕೆಡಿಸಿದ್ದೆ.

ಅಂದಿನಿಂದ ಈ ಪೆಟ್ಟಿಗೆಗಳ ಚರಿತ್ರೆಯನ್ನು ನನ್ನ ಕೈಗೆಟುಕಿದ ಮಟ್ಟಿಗೆ ಓದಿಕೊಂಡು ಬಂದಿದ್ದೇನೆ. ಅದರ ಸಾರವನ್ನು ಸಂಕ್ಷೇಪವಾಗಿ ಹೇಳುವೆ.

ಆಟವನ್ನು ಯಂತ್ರದಿಂದ ಬೇರ್ಪಡಿಸಿ, ಚಿಪ್ ಒಂದರಲ್ಲಿ ಬರೆದು, ಬೇಕಾದಾಗ ಚುಚ್ಚುವ ಕಾರ್ಟ್ರಿಜ್ ಆಗಿ ಮಾರುವ ಪದ್ಧತಿಯನ್ನು 1976ರಲ್ಲಿ ಅಮೆರಿಕದ ಫೇರ್‌ಚೈಲ್ಡ್ ಸಂಸ್ಥೆ ‘ಚಾನೆಲ್ ಎಫ್’ ಎಂಬ ಯಂತ್ರದ ಮೂಲಕ ಮೊದಲು ಪೇಟೆಗೆ ತಂದಿತು. ಆ ಕೆಲಸದ ಮುಂದಾಳು ಜೆರ್ರಿ ಲಾಸನ್ ಎಂಬ ಕರಿಯ ಇಂಜಿನಿಯರ್. 1977ರಲ್ಲಿ ಅಟಾರಿ ಸಂಸ್ಥೆಯ ಯಂತ್ರ ಬಂದು, ಕಾರ್ಟ್ರಿಜ್ ಎಂಬುದು ಮನೆಮಾತಾಯಿತು. 1983ರ ಜುಲೈ 15ರಂದು ಜಪಾನಿನ ನಿಂಟೆಂಡೋ ‘ಫ್ಯಾಮಿಕಾಮ್’ ಎಂಬ ಯಂತ್ರವನ್ನು ಬಿಡುಗಡೆ ಮಾಡಿತು. ನಮ್ಮ ಹಳದಿ ಕ್ಯಾಸೆಟ್‌ಗಳು ಈ ಫ್ಯಾಮಿಕಾಮ್‌ನ ಅನಧಿಕೃತ ಸಂತಾನ. ಅದರಂತೆಯೇ ಇವುಗಳ ಅಂಚಿನಲ್ಲಿಯೂ 60 ಲೋಹಪಟ್ಟಿಗಳಿವೆ.

ಇಲ್ಲಿ ಕೇಳುಗರು ಒಂದು ಸಂಗತಿಯನ್ನು ಗಮನಿಸಬೇಕು. ಆಟವನ್ನು ಬರೆಯುವ ಚಿಪ್ಪನ್ನು ಮಾಸ್ಕ್ ರೋಮ್ ಎನ್ನುತ್ತಾರೆ. ಅದರಲ್ಲಿ ಬರೆವಣಿಗೆ ಚಿಪ್ ಹುಟ್ಟುವಾಗಲೇ ಆಗುತ್ತದೆ. ಅಚ್ಚಿನ ಮನೆಯಲ್ಲಿ ಮೊಳೆ ಜೋಡಿಸಿದಂತೆ ಅಲ್ಲ, ಶಿಲಾಶಾಸನ ಕೊರೆದಂತೆ. ತಪ್ಪಿದರೆ ಹೊಸ ಅಚ್ಚು ಮಾಡಿಸಬೇಕು; ಅದಕ್ಕೆ ವಾರಗಟ್ಟಲೆ ಸಮಯ, ಕೈತುಂಬ ಹಣ. ಬೋರ್ಡಿನ ಪಾಡೂ ಹೆಚ್ಚು ಕಡಮೆ ಇದೇ. ಒಂದೆಡೆ ಬದಲಿಸಲಾಗದ ಚಿಪ್, ಇನ್ನೊಂದೆಡೆ ಆಗಲೇ ಅಚ್ಚಾಗಿ ಬಂದ ಬೋರ್ಡು, ನಡುವೆ ಹಬ್ಬದ ವ್ಯಾಪಾರಕ್ಕೆ ಗೊತ್ತಾದ ದಿನ. ಈ ಮೂರರ ಇಕ್ಕಟ್ಟಿನಲ್ಲಿ ಉಳಿಯುವ ದಾರಿ ಕೈಯೊಂದೇ. ಕಾರ್ಖಾನೆಯ ವಿಚಿತ್ರ ತಿದ್ದುಪಡಿಗಳೆಲ್ಲ ಹುಟ್ಟಿದ್ದು ಈ ಇಕ್ಕಟ್ಟಿನಲ್ಲಿ. ನಾನು ಅವನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿಕೊಂಡಿದ್ದೇನೆ.

ಮೊದಲನೆಯದು, ಮೊದಲೇ ಬಿಟ್ಟ ತೆರಪು. ದಾನಪತ್ರದಲ್ಲಿ ಹೆಸರಿನ ಸ್ಥಳವನ್ನು ಖಾಲಿ ಬಿಟ್ಟು ಆಮೇಲೆ ತುಂಬಿದ ಹಾಗೆ. ಫ್ಯಾಮಿಕಾಮ್ ಯಂತ್ರದೊಳಗೆ ಚಿತ್ರಕ್ಕಾಗಿ ಇದ್ದ ಸ್ಮೃತಿ ಕೇವಲ 2 ಕಿಲೋಬೈಟ್. ಅದರಲ್ಲಿ ಎರಡು ಪರದೆಗಳಷ್ಟು ಹಿನ್ನೆಲೆ ಹಿಡಿಸುತ್ತದೆ. ಆ ಎರಡು ಪರದೆಗಳನ್ನು ಅಕ್ಕಪಕ್ಕ ಇಡಬೇಕೋ, ಒಂದರ ಮೇಲೊಂದು ಇಡಬೇಕೋ ಎಂಬುದನ್ನು ನಿಶ್ಚಯಿಸುವುದು ಯಂತ್ರವಲ್ಲ, ಕಾರ್ಟ್ರಿಜ್. ಮಾರಿಯೋನಂತೆ ಎಡದಿಂದ ಬಲಕ್ಕೆ ಓಡುವ ಆಟಕ್ಕೆ ಅಕ್ಕಪಕ್ಕದ ಜೋಡಣೆ ಬೇಕು. ‘ಐಸ್ ಕ್ಲೈಂಬರ್’ನಂತೆ ಬೆಟ್ಟವೇರುವ ಆಟಕ್ಕೆ ಮೇಲುಕೆಳಗಿನ ಜೋಡಣೆ ಬೇಕು. ಇದಕ್ಕಾಗಿ ನಿಂಟೆಂಡೋದ ಸರಳ ಬೋರ್ಡುಗಳ ಮೇಲೆ ‘ಎಚ್’, ‘ವಿ’ ಎಂಬ ಇಂಗ್ಲಿಷ್ ಅಕ್ಷರಗಳ ಪಕ್ಕದಲ್ಲಿ ಎರಡು ಸೀಳು ಬಿಂದುಗಳನ್ನು ಬಿಟ್ಟಿರುತ್ತಿದ್ದರು. ಎರಡರಲ್ಲಿ ಒಂದರ ಮೇಲೆ ಬೆಸುಗೆಯ ಒಂದು ಹನಿ. ಅಷ್ಟರಿಂದ ಒಂದೇ ಬೋರ್ಡು ಎರಡು ಬಗೆಯ ಆಟಗಳಿಗೂ ಒದಗುತ್ತಿತ್ತು.

ನನ್ನ ಹಸಿರು ತಂತಿಯ ರಹಸ್ಯ ಒಡೆದದ್ದು ಇಲ್ಲಿ. ನಮ್ಮ ಹಳದಿ ಕ್ಯಾಸೆಟ್‌ನ ಬೋರ್ಡಿನಲ್ಲಿ ಅಂಥ ಆಯ್ಕೆಯ ಬಿಂದುಗಳಿರಲಿಲ್ಲ. ಬೆಟ್ಟವೇರುವ ಜೋಡಣೆ ತಾಮ್ರದಲ್ಲಿಯೇ ಅಚ್ಚಾಗಿತ್ತು. ಆ ಬೋರ್ಡಿನ ಮೇಲೆ ಓಡುವ ಆಟವನ್ನು ಕೂರಿಸಬೇಕಾಗಿ ಬಂದಾಗ ಯಾರೋ ಗೆರೆ ಕತ್ತರಿಸಿ ತಂತಿ ಹಾಕಿದರು. ನಾನು ತಂತಿ ಕಿತ್ತು ಗೆರೆ ಕೂಡಿಸಿದೆ. ಅಕ್ಕಪಕ್ಕ ಇರಬೇಕಾದ ಎರಡು ಪರದೆಗಳು ಒಂದೇ ಸ್ಥಳಕ್ಕೆ ಬಂದವು. ಮುಂದಿನ ಪರದೆಗೆಂದು ಯಂತ್ರ ಬರೆದ ಗೋಡೆಗಳು ಕಣ್ಣೆದುರಿನ ಪರದೆಯ ಮೇಲೆಯೇ ಬಿದ್ದವು. ಲೆಕ್ಕದಲ್ಲಿ ನೆಲ ಮೊದಲಿದ್ದಲ್ಲಿಯೇ ಇತ್ತು. ಚಿತ್ರದಲ್ಲಿ ಮಾತ್ರ ಅಳಿದುಹೋಗಿತ್ತು.

ಎರಡನೆಯದು, ಸೇತುವೆ. 1985ರ ಅಕ್ಟೋಬರಿನಲ್ಲಿ ನಿಂಟೆಂಡೋ ತನ್ನ ಯಂತ್ರವನ್ನು ನ್ಯೂಯಾರ್ಕ್ ನಗರದಲ್ಲಿ ಪರೀಕ್ಷಾರ್ಥವಾಗಿ ಮಾರಾಟಕ್ಕಿಟ್ಟಿತು. ಅಮೆರಿಕದ ಯಂತ್ರಕ್ಕೆ ಹೊಸ ಆಕಾರ, ಹೊಸ ಹೆಸರು. ಕಾರ್ಟ್ರಿಜ್‌ಗೆ 60ರ ಬದಲು 72 ಲೋಹಪಟ್ಟಿಗಳು. ಆದರೆ ಆ ಮೊದಮೊದಲ ಕಾರ್ಟ್ರಿಜ್‌ಗಳಲ್ಲಿ ಕೆಲವನ್ನು ಬಿಚ್ಚಿದರೆ ಒಳಗೆ ಸಿಗುವುದು ಜಪಾನಿನ 60 ಪಟ್ಟಿಗಳ ಬೋರ್ಡು! ಅದರ ತುದಿಗೆ 60ನ್ನು 72ಕ್ಕೆ ಹೊಂದಿಸುವ ಒಂದು ಜೋಡುಫಲಕ. ರೋಬೋಟ್ ಗೊಂಬೆಯ ಜೊತೆ ಆಡುವ ‘ಜೈರೋಮೈಟ್’ ಎಂಬ ಆಟದಲ್ಲಿ ಇದು ಹೆಚ್ಚಾಗಿ ಕಾಣಸಿಗುತ್ತದೆ. ಆ ಆಟದ ಹೊರಹೊದಿಕೆಯ ಮೇಲೆ ಹೊಸ ಹೆಸರಿದ್ದರೂ, ಪರದೆಯ ಮೇಲೆ ಬರುವುದು ‘ರೋಬೋಟ್ ಜೈರೋ’ ಎಂಬ ಹಳೆಯ ಜಪಾನೀ ಹೆಸರೇ. ಪ್ರತಿ ಮಾಡುವವನು ಮೂಲದ ಶೀರ್ಷಿಕೆಯನ್ನು ಹಾಗೆಯೇ ಇಳಿಸಿಕೊಂಡು ತನ್ನ ಪ್ರತಿಯ ವಂಶವನ್ನು ತಾನೇ ಬಯಲುಮಾಡುವುದನ್ನು ಹಸ್ತಪ್ರತಿಗಳನ್ನು ನೋಡಿದವರು ಬಲ್ಲರು. ಅಮೆರಿಕದಲ್ಲಿರುವ ಅಣ್ಣನ ಮಗ ಒಮ್ಮೆ ಊರಿಗೆ ಬರುವಾಗ, ನನ್ನ ಹುಚ್ಚನ್ನು ಬಲ್ಲವನಾದ್ದರಿಂದ, ಅಂಥದೊಂದನ್ನು ತಂದುಕೊಟ್ಟ. ಜಗಲಿಯ ಮೇಲೆ ಕುಳಿತು ಅದರ ಐದು ತಿರುಪುಗಳನ್ನು ಬಿಚ್ಚಿದೆವು. ಬೂದುಬಣ್ಣದ ಆ ದೊಡ್ಡ ಪೆಟ್ಟಿಗೆಯೊಳಗಿನ ಬೋರ್ಡಿಗೂ ನಮ್ಮ ಜಾತ್ರೆಯ ಹಳದಿ ಕ್ಯಾಸೆಟ್‌ನ ಬೋರ್ಡಿಗೂ ಅಂಚಿನ ಅಳತೆ ಒಂದೇ ಆಗಿತ್ತು.

ಇದೇ ಜಾತಿಗೆ ಸೇರಿದ್ದು ಅಟಾರಿಯ ಒಂದು ಸಂಗತಿ. ಅಟಾರಿಯ 1977ರ ಯಂತ್ರ ಕಾರ್ಟ್ರಿಜ್‌ನೊಡನೆ ಏಕಕಾಲಕ್ಕೆ 4 ಕಿಲೋಬೈಟ್ ಮಾತ್ರ ಮಾತಾಡಬಲ್ಲದು. ಅದರ ಮಾಸ್ಕ್ ರೋಮ್‌ಗಳನ್ನು ‘ಹೌದು’ ಎಂಬ ಸಂಕೇತಕ್ಕೆ ಎಚ್ಚರಗೊಳ್ಳುವಂತೆ ಮಾಡಿಸುತ್ತಿದ್ದರು. ಆದರೆ ಪ್ರಯೋಗಕ್ಕೋ ಸಣ್ಣ ಸಂಖ್ಯೆಯ ಪ್ರತಿಗಳಿಗೋ ಬಳಸುವ ಇಪ್ರಾಮ್ ಎಂಬ ಚಿಪ್ ‘ಇಲ್ಲ’ ಎಂಬ ಸಂಕೇತಕ್ಕೆ ಎಚ್ಚರಗೊಳ್ಳುತ್ತದೆ. ಆದ್ದರಿಂದ ಇಪ್ರಾಮ್ ಇರುವ ಅಟಾರಿ ಬೋರ್ಡಿನಲ್ಲಿ ಹೌದನ್ನು ಇಲ್ಲವಾಗಿಸುವ ದುಭಾಷಿಯಂಥ ಇನ್ನೊಂದು ಪುಟ್ಟ ಚಿಪ್ ಇರಲೇಬೇಕು.

ಮೂರನೆಯದು, ನಿಜವಾದ ಹಂಸಪಾದ. ತಪ್ಪನ್ನು ಒಪ್ಪಿಕೊಂಡು ತಿದ್ದಿದ್ದು. ತಪ್ಪು ಕಂಡಾಗ ಸಂಸ್ಥೆಗಳ ಮುಂದೆ ಎರಡು ದಾರಿಗಳಿರುತ್ತವೆ. 1983ರಲ್ಲಿ ಫ್ಯಾಮಿಕಾಮ್‌ನ ಮೊದಲ ತಂಡದ ಯಂತ್ರಗಳಲ್ಲಿ ದೋಷ ಕಂಡಾಗ ನಿಂಟೆಂಡೋ ಅವನ್ನು ಹಿಂದಕ್ಕೆ ತರಿಸಿಕೊಂಡು ಒಳಗಿನ ಬೋರ್ಡನ್ನೇ ಬದಲಿಸಿಕೊಟ್ಟಿತು. ಇದು ಗರಿಯನ್ನೇ ಮತ್ತೆ ಬರೆದ ರೀತಿ. ಇನ್ನೊಂದು ದಾರಿಗೆ ಪ್ರಸಿದ್ಧ ನಿದರ್ಶನ ಕಾರ್ಟ್ರಿಜ್‌ನಲ್ಲಲ್ಲ, ಅದರ ದಾಯಾದಿಯಾದ ಮನೆಗಂಪ್ಯೂಟರಿನಲ್ಲಿದೆ. 1982ರಲ್ಲಿ ಬ್ರಿಟನ್ನಿನ ಸಿಂಕ್ಲೇರ್ ಸಂಸ್ಥೆಯ ‘ಸ್ಪೆಕ್ಟ್ರಮ್’ ಬಂದಾಗ ಅದರ ಮುಖ್ಯ ಚಿಪ್‌ನ ವಿನ್ಯಾಸದಲ್ಲಿ ಒಂದು ದೋಷ ಉಳಿದುಹೋಗಿತ್ತು. ಹೊಸ ಚಿಪ್ ಬರುವವರೆಗೆ ಕಾಯುವಂತಿರಲಿಲ್ಲ. ಕಾರ್ಖಾನೆಯಲ್ಲಿ ಇನ್ನೊಂದು ಸಣ್ಣ ಚಿಪ್ಪನ್ನು ಬೆನ್ನು ಕೆಳಗಾಗಿ ಅಂಟಿಸಿ, ಮೇಲೆದ್ದ ಅದರ ಕಾಲುಗಳಿಂದ ತಂತಿಗಳನ್ನು ಎಳೆದು ಬೋರ್ಡಿಗೆ ಬೆಸೆದರು. ಅಂಗಾತ ಬಿದ್ದು ಕಾಲು ಮೇಲೆ ಮಾಡಿದ ಅದನ್ನು ಜನ ‘ಸತ್ತ ಜಿರಳೆ’ ಎಂದು ಕರೆದರು. ಅದೇ ಹೆಸರು ಚರಿತ್ರೆಯಲ್ಲಿ ಉಳಿಯಿತು. ಮುಂದೆ ಈ ಕಂಪ್ಯೂಟರಿನ ಸುಧಾರಿತ ರೂಪವನ್ನು ಡೆಸಿಬೆಲ್ಸ್ ಎಂಬ ಸಂಸ್ಥೆ 1980ರ ದಶಕದ ಕೊನೆಯಲ್ಲಿ ಪರವಾನಗಿ ಪಡೆದು ನಮ್ಮ ದೇಶದಲ್ಲಿಯೂ ಮಾರಿತು.

ಕಾರ್ಟ್ರಿಜ್‌ಗಳಲ್ಲಿಯೂ ಇದರ ಸಣ್ಣ ಸೋದರರಿದ್ದಾರೆ. ಮಾಸ್ಕ್ ರೋಮ್ ಬರುವುದು ತಡವಾದಾಗಲೋ, ಬೇಕಾದ ಪ್ರತಿಗಳು ಕೆಲವೇ ಆದಾಗಲೋ ಅದರ ಸ್ಥಳದಲ್ಲಿ ಇಪ್ರಾಮ್ ಕೂರಿಸುತ್ತಿದ್ದರು. ಎರಡರ ಕಾಲುಗಳ ಕ್ರಮ ಎಷ್ಟೋ ವೇಳೆ ಬೇರೆ ಬೇರೆ. ಆಗ ತಪ್ಪಿದ ಕಾಲುಗಳನ್ನು ಮೇಲಕ್ಕೆ ಬಗ್ಗಿಸಿ ತಂತಿಯಿಂದ ಸರಿಯಾದ ಸ್ಥಳಕ್ಕೆ ಕೂಡಿಸಬೇಕಾಗುತ್ತದೆ. ಇಪ್ರಾಮ್‌ನ ಬೆನ್ನಿನಲ್ಲಿ ಒಂದು ಗಾಜಿನ ಕಿಂಡಿ ಇರುತ್ತದೆ. ಅತಿನೇರಳೆ ಬೆಳಕು ಅದರೊಳಗೆ ಬಿದ್ದರೆ ಬರೆವಣಿಗೆ ಅಳಿಯುತ್ತದೆ. ಅದಕ್ಕಾಗಿ ಕಿಂಡಿಯ ಮೇಲೊಂದು ಕಾಗದದ ಚೂರು ಅಂಟಿಸಿರುತ್ತಾರೆ. 1990ರಲ್ಲಿ ನಿಂಟೆಂಡೋ ಅಮೆರಿಕದಲ್ಲಿ ನಡೆಸಿದ ಸ್ಪರ್ಧೆಗಾಗಿ ಮಾಡಿಸಿದ ಕಾರ್ಟ್ರಿಜ್‌ಗಳಲ್ಲಿ ಇಂಥ ಇಪ್ರಾಮ್‌ಗಳೇ ಇವೆ. ಆಟದ ಕಾಲಾವಧಿಯನ್ನು ಬದಲಿಸುವ ಪುಟ್ಟ ಸ್ವಿಚ್ಚುಗಳೂ ಬೋರ್ಡಿನ ಮೇಲಿವೆ. ಬೂದುಬಣ್ಣದವು 90, ಚಿನ್ನದ ಬಣ್ಣದವು 26 ಮಾತ್ರ ಹಂಚಿಕೆಯಾದವು.

ನಾಲ್ಕನೆಯದು, ಕೂಟಶಾಸನ. ಗಂಗರ ತಾಮ್ರಪಟಗಳಲ್ಲಿ ಹಲವನ್ನು ಜೆ.ಎಫ್. ಫ್ಲೀಟರು ಕೂಟವೆಂದು ತಳ್ಳಿಹಾಕಿದ್ದೂ ಬಿ.ಎಲ್. ರೈಸರು ಅವುಗಳ ಪರವಾಗಿ ನಿಂತದ್ದೂ ನಮ್ಮ ಶಾಸನಾಧ್ಯಯನದ ದೊಡ್ಡ ವಾದಗಳಲ್ಲೊಂದು. ನಮ್ಮ ಪೇಟೆಯ ಹಳದಿ ಕ್ಯಾಸೆಟ್‌ಗಳಲ್ಲಿ ‘ಒಂದರಲ್ಲಿ ನೂರು ಆಟ’, ‘ಒಂದರಲ್ಲಿ ಲಕ್ಷ ಆಟ’ ಎಂದು ಅಚ್ಚು ಹಾಕಿದವು ಇದ್ದುದನ್ನು ಅಂದಿನ ಮಕ್ಕಳು ಮರೆತಿರಲಾರರು. ಪಟ್ಟಿಯನ್ನು ಓದುತ್ತ ಹೋದರೆ ನಾಲ್ಕಾರು ಆಟಗಳೇ ಬೇರೆ ಬೇರೆ ಹೆಸರಿನಿಂದ, ಬೇರೆ ಬೇರೆ ಹಂತದಿಂದ ಮರಳಿ ಮರಳಿ ಬರುತ್ತಿದ್ದವು. ಇಂಥ ಕೆಲವು ಬೋರ್ಡುಗಳಲ್ಲಿ ಬೆಸುಗೆಯ ಆಯ್ಕೆಬಿಂದುಗಳಿರುತ್ತವೆ. ಯಾವ ಬಿಂದುವನ್ನು ಮುಚ್ಚಿದ್ದಾರೆ ಎಂಬುದನ್ನು ಓದಿಕೊಂಡು ಒಳಗಿನ ಬರೆಹ ಬೇರೆ ಬೇರೆ ಪಟ್ಟಿಯನ್ನು ಪರದೆಯ ಮೇಲೆ ತೋರಿಸುತ್ತದೆ. ಚಿಪ್ ಒಂದೇ, ಬೋರ್ಡು ಒಂದೇ, ಆಟಗಳೂ ಅವೇ. ಒಂದು ಹನಿ ಬೆಸುಗೆಯಿಂದ ಆಟಗಳ ಸಂಖ್ಯೆ ಬೆಳೆಯುತ್ತದೆ, ಬೆಲೆಯೂ ಬೆಳೆಯುತ್ತದೆ. ಎಚ್, ವಿ ಬಿಂದುಗಳ ಮೇಲಿನ ಹನಿಯೂ ಈ ಹನಿಯೂ ನೋಡಲು ಒಂದೇ ರೀತಿ. ಕೈ ಮಾಡಿದ ಕೆಲಸವನ್ನು ಮಾತ್ರ ನೋಡಿ ಮನಸ್ಸಿನ ಉದ್ದೇಶವನ್ನು ಹೇಳಲಾಗದು. ಅದಕ್ಕೆ ಇಡೀ ಪಾಠವನ್ನು ಓದಬೇಕಾಗುತ್ತದೆ.

ಈಗ ಮತ್ತೆ ಹುಲಗೋಳಕ್ಕೆ ಬರೋಣ. ತಂಗಿಯ ಮಾತಿನಂತೆ ಇನ್ನೊಂದು ಪ್ರತಿಗಾಗಿ ಹುಡುಕಿದೆ. ನೆರೆಮನೆಯ ಹುಡುಗನ ಬಳಿ ಅದೇ ಜಾತ್ರೆಯಲ್ಲಿ ಕೊಂಡ ಅದೇ ಆಟ ಇತ್ತು. ಹಬ್ಬದ ಮರುದಿನ ಅವನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಅದನ್ನು ಬಿಚ್ಚಿದೆವು. ಅದೇ ಗೆರೆ, ಅದೇ ಅಡ್ಡ ಕಡಿತ, ಅದೇ ಹಸಿರು ತಂತಿ, ಅಂಟಿನ ಹನಿ ಕೂಡ ಅದೇ ಮೂಲೆಯಲ್ಲಿ. ಎರಡು ಬೋರ್ಡುಗಳನ್ನು ಅಕ್ಕಪಕ್ಕ ಇಟ್ಟುಕೊಂಡು ತಂಗಿ ನನ್ನ ಬೆಸುಗೆಯನ್ನು ಬಿಡಿಸಿದಳು, ಗೆರೆಯನ್ನು ಮತ್ತೆ ಕತ್ತರಿಸಿದಳು, ಹಳೆಯ ರೇಡಿಯೋದಿಂದ ತೆಗೆದ ಒಂದು ಕೆಂಪು ತಂತಿಯನ್ನು ಹಾಕಿದಳು. ಮಾರಿಯೋ ಓಡಿದ. ನೆಲ ಕಂಡಲ್ಲಿ ನೆಲವಿತ್ತು. ಮಗ ಮತ್ತೆ ಪರದೆಯ ಮುಂದೆ ಕುಳಿತ.

ಹಾಗಾದರೆ ನಷ್ಟವೇನಾಯಿತು ಎಂದು ಕೇಳಬಹುದು. ಆಟಕ್ಕೆ ಏನೂ ಆಗಲಿಲ್ಲ, ಚರಿತ್ರೆಗೆ ಆಯಿತು. ನೆರೆಮನೆಯ ಕ್ಯಾಸೆಟ್ ಮುಂದೆ ಒಂದು ದಿನ ಗುಜರಿಗೆ ಹೋಯಿತು. ಇನ್ನು ಮುಂದೆ ನಮ್ಮ ಬೋರ್ಡನ್ನು ಯಾರಾದರೂ ಪರೀಕ್ಷಿಸಿದರೆ ಅವರಿಗೆ ಕಾಣುವುದು ನನ್ನ ಬೆಸುಗೆಯ ಕಲೆ, ತಂಗಿಯ ಕೆಂಪು ತಂತಿ. ಎಲ್ಲೋ ಪೂರ್ವದೇಶದ ಒಂದು ಕೋಣೆಯಲ್ಲಿ ಕುಳಿತು, ಗೆರೆ ಕತ್ತರಿಸಿ, ತಂತಿಯನ್ನು ಅಳತೆಗೆ ತುಂಡರಿಸಿ, ಎರಡು ತುದಿಗಳನ್ನು ಬೆಸೆದ ಆ ಕೈಯ ಗುರುತು ಅದರಲ್ಲಿ ಉಳಿದಿಲ್ಲ. ಚಿಪ್ಪನ್ನು ಯಂತ್ರ ಮಾಡಿತು, ಬೋರ್ಡನ್ನು ಯಂತ್ರ ಅಚ್ಚು ಹಾಕಿತು, ಹೊದಿಕೆಯನ್ನು ಯಂತ್ರ ಎರಕ ಹೊಯ್ದಿತು. ಒಬ್ಬ ಮನುಷ್ಯನ, ಬಹುಶಃ ನನ್ನ ತಂಗಿಯಂಥ ಒಬ್ಬ ಹುಡುಗಿಯ ಕೈ ಅದಕ್ಕೆ ತಾಗಿದ್ದನ್ನು ನಿಚ್ಚಳವಾಗಿ ಹೇಳುತ್ತಿದ್ದುದು ಆ ತಂತಿ. ಅದನ್ನು ನಾನು ಒಲೆಗೆ ಹಾಕಿದೆ.

ಇಂದು ಹಳೆಯ ಕಾರ್ಟ್ರಿಜ್‌ಗಳನ್ನು ಸಂಗ್ರಹಿಸುವವರು ದೇಶವಿದೇಶಗಳಲ್ಲಿದ್ದಾರೆ. ಪೆಟ್ಟಿಗೆ ಬಿಚ್ಚಿ ಒಳಗನ್ನು ಹೊಸದರಂತೆ ಹೊಳೆಯಿಸುವ ಉತ್ಸಾಹವೂ ಅವರಲ್ಲಿ ಕೆಲವರಿಗಿದೆ. ದೇವಾಲಯದ ಶಾಸನಕ್ಕೆ ಸುಣ್ಣ ಬಳಿದವರ ಉತ್ಸಾಹವೂ ಇಂಥದೇ ಆಗಿತ್ತು. ನಮ್ಮ ತಾಲ್ಲೂಕಿನ ಬನವಾಸಿಗೆ ಹೋಗಿ ಕಲ್ಲಿನ ಅಕ್ಷರಗಳನ್ನು ಬೆರಳಿನಿಂದ ಸವರಿದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ವಿಚಿತ್ರವಾಗಿ ಕಂಡದ್ದನ್ನು ತೆಗೆಯುವ ಮೊದಲು ಅದು ಏಕೆ ಅಲ್ಲಿದೆ ಎಂದು ಕೇಳಬೇಕು; ಉತ್ತರ ಸಿಗದಿದ್ದರೆ ಇದ್ದ ಹಾಗೆಯೇ ಬಿಡಬೇಕು; ತಿದ್ದಲೇಬೇಕಾದರೆ ತಿದ್ದಿದ್ದು ತಾನೆಂದು ಬರೆದಿಡಬೇಕು.

ಓಲೆಗರಿಯ ಕೊನೆಯಲ್ಲಿ ಲಿಪಿಕಾರರು ತಮ್ಮ ತಪ್ಪುಗಳನ್ನು ಮನ್ನಿಸಬೇಕೆಂದು ಬಲ್ಲವರನ್ನು ಬೇಡಿಕೊಳ್ಳುವ ಸಂಪ್ರದಾಯವಿದೆ. ಮಗ ಈಗ ನಲವತ್ತರ ಹೊಸ್ತಿಲಲ್ಲಿದ್ದಾನೆ. ಆ ಕ್ಯಾಸೆಟ್ ಅಟ್ಟದ ಮೇಲೆ ಓಲೆಕಟ್ಟುಗಳ ಪಕ್ಕದ ಡಬ್ಬಿಯಲ್ಲಿದೆ. ಕಳೆದ ಮಳೆಗಾಲಕ್ಕೆ ಮೊದಲು ಅದನ್ನು ಇನ್ನೊಮ್ಮೆ ಬಿಚ್ಚಿ, ಒಂದು ಕಾಗದದ ಚೀಟಿ ಬರೆದು, ಮಡಚಿ ಬೋರ್ಡಿನ ಹಿಂದೆ ಇಟ್ಟಿದ್ದೇನೆ. ಇಲ್ಲಿ ಮೊದಲು ಹಸಿರು ತಂತಿಯಿತ್ತು, ಅದು ಕಾರ್ಖಾನೆಯದು, ಇಂಥ ಬಿಂದುವಿನಿಂದ ಇಂಥ ಬಿಂದುವಿಗೆ ಹೋಗುತ್ತಿತ್ತು. 1998ರಲ್ಲಿ ತಿಳಿಯದೆ ಕಿತ್ತವನು ನಾನು, ತಿಳಿದು ಕೆಂಪು ತಂತಿ ಹಾಕಿದವಳು ನನ್ನ ತಂಗಿ. ಚೀಟಿಯಲ್ಲಿ ಇಷ್ಟೇ ಇದೆ. ಬರೆಯುವಾಗ ‘ತಿಳಿಯದೆ’ ಎಂಬ ಶಬ್ದ ಬಿಟ್ಟುಹೋಗಿತ್ತು. ಅದನ್ನು ಹಂಸಪಾದ ಹಾಕಿ ಮೇಲೆ ಸೇರಿಸಿದೆ.